ಅರಿವು ಕೇಂದ್ರದಲ್ಲಿ ಮರೆವಿಗೂ ಒಂದು ಕುರ್ಚಿ

ನಮ್ಮ ದೊಡ್ಡಪ್ಪ ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ದಿನಾ ಬೆಳಗ್ಗೆ ತಿಂಡಿ ತಿಂದು, ಛತ್ರಿ ಹಿಡಿದು ಗ್ರಂಥಾಲಯಕ್ಕೆ ಹೋಗುವುದು ಅಭ್ಯಾಸ. ಮಳೆ ಇರಲಿ ಬಿಡಲಿ, ಛತ್ರಿ ಇರಲೇಬೇಕು. ಒಂದು ದಿನ ದೊಡ್ಡಮ್ಮ ಆ ಛತ್ರಿ ಬಿಚ್ಚಿದರೆ ಒಳಗಿಂದ ಮೂರು ದಿನಪತ್ರಿಕೆ ಉದುರಿದವು. ಒಂದೇ ದಿನದ್ದಲ್ಲ, ಮೂರು ಬೇರೆ ಬೇರೆ ವಾರದ್ದು. ಎಲ್ಲದರ ಮೂಲೆಯಲ್ಲೂ ಗ್ರಂಥಾಲಯದ ನೀಲಿ ಸೀಲು. ದೊಡ್ಡಮ್ಮ ನಕ್ಕರು. ನಾವೂ ನಕ್ಕೆವು.

ಮುಂದಿನ ವಾರ ಗ್ರಂಥಾಲಯದಲ್ಲಿ ಯಾರೂ ನಗಲಿಲ್ಲ. "ಮೇಷ್ಟ್ರಾಗಿದ್ದೋರು ಹಿಂಗೆ ಪೇಪರ್ ಕದ್ಕೊಂಡ್ ಹೋಗೋದಾ?" ಅಂತ ಅಲ್ಲಿನ ಸಿಬ್ಬಂದಿಯೊಬ್ಬರು ಎಲ್ಲರೆದುರೂ ಕೇಳಿದರಂತೆ. ದೊಡ್ಡಪ್ಪ ಮನೆಗೆ ಬಂದು ಏನೂ ಹೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಆ ಮಾತು, ಆ ಮನುಷ್ಯ ಎರಡೂ ಅವರ ತಲೆಯಲ್ಲಿ ಇರಲಿಲ್ಲ. ಆದರೂ ಗ್ರಂಥಾಲಯದ ಕಡೆ ಹೆಜ್ಜೆ ಇಡಲಿಲ್ಲ. ಯಾಕೆ ಅಂತ ಕೇಳಿದರೆ, "ಗೊತ್ತಿಲ್ಲ ಕಣೋ, ಅಲ್ಲಿ ಯಾಕೋ ಸರಿ ಇಲ್ಲ" ಅನ್ನುತ್ತಿದ್ದರು. ನೆನಪು, ಯೋಚನೆ ಕುಗ್ಗುತ್ತಾ ಹೋಗುವ ಡಿಮೆನ್ಶಿಯಾದಲ್ಲಿ ಹೀಗೇ ಆಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಘಟನೆ ಅಳಿಸಿಹೋಗುತ್ತದೆ, ಅದು ಬಿಟ್ಟುಹೋದ ಸಂಕಟ ಉಳಿಯುತ್ತದೆ.

ಆ ಸಿಬ್ಬಂದಿಯನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಜೊತೆಗೇ ಇದ್ದ ನಮಗೇ ತಿಳಿದಿರಲಿಲ್ಲ, ಇನ್ನು ಅವರಿಗೆ ಹೇಗೆ ತಿಳಿಯಬೇಕು?

ನಮಗೆ ತಿಳಿಯದೆ ಹೋಗಿದ್ದಕ್ಕೆ ಒಂದು ಗಾದೆಯೂ ಕಾರಣ. ಅರವತ್ತಕ್ಕೆ ಅರಳುಮರುಳು ಅಂತೀವಲ್ಲ, ಆ ಮಾತು ಕಾಯಿಲೆಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತದೆ. ವಯಸ್ಸಾಯ್ತು ಬಿಡಿ ಅಂದರೆ ಮುಗಿಯಿತು, ಡಾಕ್ಟರ ಹತ್ತಿರ ಹೋಗುವ ಮಾತೇ ಬರುವುದಿಲ್ಲ. ಡಿಮೆನ್ಶಿಯಾ ಅನ್ನುವುದು ಜ್ವರ ಅಂದ ಹಾಗೆ. ಅದು ಒಂದೇ ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳಿಂದ ಬರುವ ಲಕ್ಷಣಗಳ ಹೆಸರು. ನೂರರಲ್ಲಿ 60ರಿಂದ 70 ಜನರಿಗೆ ಅದು ಅಲ್ಝೈಮರ್ ಅನ್ನುವ ಮೆದುಳಿನ ಕಾಯಿಲೆಯಿಂದ ಬರುತ್ತದೆ. ಬಿಪಿ, ಶುಗರ್ ಹಿಡಿತ ತಪ್ಪಿ, ಮೆದುಳಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಬರುವುದೂ ಇದೆ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಒಮ್ಮೊಮ್ಮೆ ಡಿಮೆನ್ಶಿಯಾದ ಹಾಗೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಗಾದೆ ಹೇಳಿಕೊಂಡು ಕೂತರೆ ಅದೂ ತಪ್ಪಿಹೋಗುತ್ತದೆ. ಜಪಾನಿನವರು 2004ರಲ್ಲಿ ಈ ಕಾಯಿಲೆಯ ಹೆಸರನ್ನೇ ಬದಲಿಸಿದರು. ಹಳೆಯ ಹೆಸರಿನಲ್ಲಿ ದಡ್ಡತನದ ಅರ್ಥ ಸೇರಿತ್ತು ಅನ್ನುವುದು ಕಾರಣ. ನಾವು ಅಷ್ಟು ಮಾಡುವುದು ಬೇಡ, ಮನೆಯಲ್ಲಿ ಅರಳುಮರುಳು ಅನ್ನುವುದನ್ನು ಬಿಟ್ಟರೂ ಸಾಕು.

ಈಗ ಸ್ವಲ್ಪ ಲೆಕ್ಕ. ದೇಶದ 60 ದಾಟಿದವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಈ ವಯಸ್ಸಿನವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಶಿಯಾ ಇದೆ. ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಆರು ಸಾವಿರ ಜನರ ಒಂದು ಪಂಚಾಯಿತಿಯಲ್ಲಿ ಆರುನೂರು ವಯಸ್ಸಾದವರು ಇದ್ದಾರೆ ಅಂದುಕೊಳ್ಳಿ. ಅವರಲ್ಲಿ ನಲವತ್ತಕ್ಕೂ ಹೆಚ್ಚು ಜನರಿಗೆ ಈ ತೊಂದರೆ ಇರಬಹುದು. ನಿಮ್ಮ ಊರಲ್ಲಿ ಇಷ್ಟು ಜನರ ಹೆಸರು ನಿಮಗೆ ಹೇಳೋಕಾಗುತ್ತಾ? ನನಗೂ ಆಗಲ್ಲ. ಅವರು ಮನೆಯ ಒಳಗಿದ್ದಾರೆ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇದರ ಬಿಸಿ ಇನ್ನೂ ಜೋರು. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಜನ ಇದ್ದರು. 2011ರ ಜನಗಣತಿಯಲ್ಲಿ ಅದು 11,37,961 ಆಯಿತು. ರಾಜ್ಯದ ಜನಸಂಖ್ಯೆ ಏರುತ್ತಿದ್ದಾಗ ಈ ಜಿಲ್ಲೆಯದು ಇಳಿಯಿತು. ಹಾಸನದಲ್ಲಿ ಏರಿದ್ದೂ ಅಷ್ಟಕ್ಕಷ್ಟೆ. ಹೊರಗೆ ಹೋದವರು ಯಾರು ಅಂತ ಹೇಳಬೇಕಿಲ್ಲ, ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬರುವ ಬಸ್ಸಿನಲ್ಲಿ ಅವರನ್ನು ನೋಡಬಹುದು. ಉಳಿದವರು ತೋಟದ ಮನೆಯಲ್ಲೋ, ಬಡಾವಣೆಯಲ್ಲಿ ಮಕ್ಕಳು ಕಟ್ಟಿಸಿಕೊಟ್ಟ ಎರಡು ಅಂತಸ್ತಿನ ಮನೆಯಲ್ಲೋ ಇಬ್ಬರೇ ಇದ್ದಾರೆ. ಒಬ್ಬರು ಮರೆಯುತ್ತಿದ್ದರೆ ಇನ್ನೊಬ್ಬರೇ ಅವರ ನೆನಪು.

ಯಾಕೆ ಗ್ರಂಥಾಲಯ?

ಇದಕ್ಕೆ ಗ್ರಂಥಾಲಯವೇ ಯಾಕೆ ಬೇಕು ಅಂತ ಕೇಳಬಹುದು. ಅದು ಆಗಲೇ ಇದೆ, ಅದಕ್ಕೆ. ಹಳ್ಳಿಗಳ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ರಾಜ್ಯದಲ್ಲಿ ಅಂಥವು ಐದು ಸಾವಿರಕ್ಕೂ ಹೆಚ್ಚು. ಆಮೇಲೆ ಬಣ್ಣ ಬಂತು, ಕಂಪ್ಯೂಟರ್ ಬಂತು, 'ಅರಿವು ಕೇಂದ್ರ' ಅಂತ ಚೆಂದದ ಹೆಸರೂ ಬಂತು. ಪಟ್ಟಣದ ಗ್ರಂಥಾಲಯಗಳಿಗಂತೂ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಹೊಸ ಕಟ್ಟಡ ಬೇಡ, ಹೊಸ ಯೋಜನೆಗೆ ಹೊಸ ಹೆಸರು ಹುಡುಕುವುದೂ ಬೇಡ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಮ್ಮ ಕಡೆ ಮಾನಸಿಕ ತಜ್ಞರ ಹತ್ತಿರ ಹೋಗಿದ್ದು ಗೊತ್ತಾದರೆ ಊರೆಲ್ಲ ಮಾತಾಡುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ ಸೇರಿ ರಾಜ್ಯದಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವನ್ನೂ ಶುರು ಮಾಡಿವೆ. ಆದರೆ ಅಲ್ಲಿಯವರೆಗೆ ಕಾಲು ಹೋಗಬೇಕಲ್ಲ? ಗ್ರಂಥಾಲಯಕ್ಕೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಪೇಪರ್ ಓದೋಕೆ ಹೋಗಿದ್ದಾರೆ, ಅಷ್ಟೇ. ದಿನಾ ಬರುವ ಅಜ್ಜ ಇವತ್ತು ಚಪ್ಪಲಿ ಬಿಟ್ಟ ಜಾಗ ಹುಡುಕುತ್ತಿದ್ದಾರೆ, ಒಂದೇ ಪುಟವನ್ನು ಒಂದು ಗಂಟೆಯಿಂದ ಹಿಡಿದು ಕೂತಿದ್ದಾರೆ ಅನ್ನುವುದು ಮನೆಯವರಿಗಿಂತ ಮೊದಲು ಗ್ರಂಥಾಲಯದ ಮೇಲ್ವಿಚಾರಕರ ಕಣ್ಣಿಗೆ ಬೀಳಬಹುದು.

ಹಾಗಂತ ಪೇಪರ್ ಓದಿದರೆ ಡಿಮೆನ್ಶಿಯಾ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ತಡೆಯಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಬಿಪಿ, ಶುಗರ್, ಕಿವಿ ಮಂದವಾಗುವುದು, ಕಣ್ಣು ಕಾಣದಿರುವುದು ಅದರಲ್ಲಿವೆ. ಜನರ ಒಡನಾಟ ಇಲ್ಲದೆ ಒಂಟಿಯಾಗುವುದೂ ಇದೆ. ಗ್ರಂಥಾಲಯದ ಕೈ ನೇರವಾಗಿ ಮುಟ್ಟುವುದು ಈ ಕೊನೆಯದನ್ನು. ಆಗಲೇ ಕಾಯಿಲೆ ಬಂದವರಿಗೆ ಅದು ಔಷಧಿಯಲ್ಲ, ಹೋಗಿ ಕೂರುವುದಕ್ಕೆ ಒಂದು ಜಾಗ. ಅದೇನು ಕಡಿಮೆಯಾ?

ಬಾಗಿಲಲ್ಲೇ ಇರುವ ಪರೀಕ್ಷೆ

ಗ್ರಂಥಾಲಯದ ಬಾಗಿಲಲ್ಲಿ ಒಂದು ರಿಜಿಸ್ಟರ್ ಇರುತ್ತದೆ. ಹೆಸರು, ಊರು, ತಾರೀಖು, ಬಂದ ಹೊತ್ತು, ಸಹಿ. ನಮಗೆ ಹತ್ತು ಸೆಕೆಂಡಿನ ಕೆಲಸ. ದೊಡ್ಡಪ್ಪ ಗ್ರಂಥಾಲಯಕ್ಕೆ ಹೋಗುವುದನ್ನು ಬಿಡುವ ಮೊದಲು, ಕೊನೆಕೊನೆಗೆ ಅವರ ಜೊತೆ ನಾನೂ ಹೋಗುತ್ತಿದ್ದೆ. ಹೆಸರು ಬರೆಯುತ್ತಿದ್ದರು. ತಾರೀಖಿನ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತಿತ್ತು. ಮೇಲಿನ ಸಾಲು ನೋಡಿ ಬರೆಯಬಹುದು ಅಂತಲೂ ಹೊಳೆಯುತ್ತಿರಲಿಲ್ಲ. ಹಿಂದೆ ನಿಂತವರು ಕೆಮ್ಮುತ್ತಿದ್ದರು. ಒಂದು ಸಲ 1994 ಅಂತ ಬರೆದರು. ಸಹಿ ಮಾತ್ರ ಮಾರ್ಕ್ಸ್ ಕಾರ್ಡಿಗೆ ಹಾಕುತ್ತಿದ್ದ ಹಾಗೇ, ಕೊನೆಗೆ ಎರಡು ಚುಕ್ಕಿ ಸಮೇತ, ಸ್ವಲ್ಪವೂ ನಡುಗದೆ ಬರುತ್ತಿತ್ತು. ಕೈ ಕಲಿತ ಕೆಲಸದ ನೆನಪು ಬೇರೆ, ಇವತ್ತು ಯಾವ ದಿನ ಅನ್ನುವ ನೆನಪು ಬೇರೆ. ಮೊದಲನೆಯದು ತುಂಬಾ ಕಾಲ ಉಳಿಯುತ್ತದೆ.

ಇದಕ್ಕೆ ಪರಿಹಾರ ಎಷ್ಟು ಸಣ್ಣದು ನೋಡಿ. ಬೆಳಗ್ಗೆ ಬಾಗಿಲು ತೆಗೆದವರು ಪುಟದ ಮೇಲೆ ದಪ್ಪ ಅಕ್ಷರದಲ್ಲಿ ತಾರೀಖು ಬರೆದಿಟ್ಟರೆ ಆಯಿತು. ಉಳಿದವರು ಸಹಿ ಹಾಕಿದರೆ ಸಾಕು. ಗೋಡೆಯ ಮೇಲೆ ವಾರ, ತಾರೀಖು ಎರಡೂ ಕಾಣುವ ದೊಡ್ಡ ಕ್ಯಾಲೆಂಡರ್ ತೂಗುಹಾಕಿ, ದಿನಾ ಹಾಳೆ ಹರಿದರೆ ಇನ್ನೂ ಒಳ್ಳೆಯದು.

ಪೇಪರ್ 'ಕಳ್ಳತನ'ಕ್ಕೂ ಪರಿಹಾರ ಇತ್ತು. ಹಳೆಯ ಪೇಪರ್‌ಗಳು ಕೊನೆಗೆ ಹೋಗುವುದು ರದ್ದಿಗೆ, ತೂಕದ ಲೆಕ್ಕದಲ್ಲಿ. ಅದರಲ್ಲಿ ಒಂದನ್ನು ಮಡಚಿ "ಮೇಷ್ಟ್ರೇ, ಇದು ನಿಮಗೆ" ಅಂತ ಕೈಗೆ ಕೊಟ್ಟಿದ್ದರೆ ಇವತ್ತಿನ ಪೇಪರ್ ಸ್ಟ್ಯಾಂಡಿನಲ್ಲೇ ಉಳಿಯುತ್ತಿತ್ತು. ಪುಸ್ತಕ ಕಳೆದರೆ ದಂಡ, ಠೇವಣಿ ಮುಟ್ಟುಗೋಲು ಅನ್ನುವ ನಿಯಮವನ್ನೂ ಇಂಥವರ ಮಟ್ಟಿಗೆ ಸಡಿಲ ಮಾಡಬೇಕು. ಹಳೆಯ, ಹರಿದ ಪುಸ್ತಕಗಳ ಒಂದು ಕಪಾಟು ಇಟ್ಟು, ಇದಕ್ಕೆ ಲೆಕ್ಕವಿಲ್ಲ ಅಂದರೆ ಮುಗಿಯಿತು. ಆಡಿಟ್ ಆಕ್ಷೇಪಣೆ ಬರುತ್ತದೆ ಅನ್ನುತ್ತೀರಾ? ನಿಜ. ಅದಕ್ಕೇ ಇದು ಒಬ್ಬ ಮೇಲ್ವಿಚಾರಕರ ಒಳ್ಳೆಯತನಕ್ಕೆ ಬಿಡುವ ಕೆಲಸವಲ್ಲ, ಇಲಾಖೆಯ ಸುತ್ತೋಲೆಯಲ್ಲಿ ಬರಬೇಕಾದದ್ದು.

ಕಷ್ಟದ ಪ್ರಶ್ನೆ ಬೇರೆ ಇದೆ. ಪಟ್ಟಣದ ಗ್ರಂಥಾಲಯಕ್ಕೆ ಇವತ್ತು ಹೋಗಿ ನೋಡಿ, ಕುರ್ಚಿಯೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳದ್ದು. ಕೆಎಎಸ್, ಪಿಡಿಒ, ಎಫ್‌ಡಿಎ. ಬಾಗಿಲು ತೆಗೆಯುವ ಮೊದಲೇ ಬಂದು, ಬ್ಯಾಗು ಇಟ್ಟು ಜಾಗ ಹಿಡಿಯುತ್ತಾರೆ. ಅವರ ಕೋಣೆಯಲ್ಲಿ ನಾಲ್ಕು ಜನ, ಓದೋಕೆ ಬೇರೆ ಎಲ್ಲೂ ಜಾಗವಿಲ್ಲ. ಅಂಥ ಕಡೆ ದೊಡ್ಡಪ್ಪ ತಲೆಬರಹಗಳನ್ನು ಜೋರಾಗಿ ಓದುತ್ತಿದ್ದರು, ಕ್ಲಾಸಿನಲ್ಲಿ ಓದುವ ಹಾಗೆ. ಒಬ್ಬ ಹುಡುಗಿ ತಿರುಗಿ "ಅಂಕಲ್, ಪ್ಲೀಸ್" ಅಂದಳು. ಅವಳದ್ದು ತಪ್ಪಾ? ನನಗೆ ಹಾಗೆ ಅನಿಸಲಿಲ್ಲ. ಆ ನೌಕರಿ ಸಿಕ್ಕರೆ ಅವಳ ಮನೆಯ ಗತಿಯೇ ಬದಲಾಗಬಹುದು.

ಇಬ್ಬರಿಗೂ ಮೌನ ಹಂಚುವುದಕ್ಕೆ ಆಗದಿದ್ದರೆ ಹೊತ್ತು ಹಂಚಬೇಕು. ಹಳ್ಳಿಯ ಅರಿವು ಕೇಂದ್ರಕ್ಕೆ ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ. ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಹಲವು ಕಡೆ ಜಾಗ ಖಾಲಿ. ಡಿಮೆನ್ಶಿಯಾ ಇರುವ ಹಲವರಿಗೆ ಸಂಜೆ ಹೊತ್ತಿಳಿದಂತೆ ಗಲಿಬಿಲಿ ಜಾಸ್ತಿಯಾಗುತ್ತದೆ, ಬೆಳಗಿನ ಹೊತ್ತೇ ಚೆನ್ನ. ಎರಡೂ ಹೊಂದಿಕೊಂಡೇ ಬಂದಿವೆ. ಪಟ್ಟಣದಲ್ಲಿ ಪತ್ರಿಕಾ ವಿಭಾಗವನ್ನು ಓದುವ ಕೋಣೆಯಿಂದ ಬೇರೆ ಮಾಡಿ, ಅಲ್ಲಿ ಮಾತಾಡಿದರೆ ತಪ್ಪಿಲ್ಲ ಅಂತ ಬೋರ್ಡ್ ಹಾಕಬೇಕು. 'ನಿಶ್ಶಬ್ದ' ಅನ್ನುವ ಬೋರ್ಡೊಂದೇ ಎಲ್ಲ ಗೋಡೆಯಲ್ಲೂ ಇರಬೇಕಿಲ್ಲ.

ಕಟ್ಟಡದ ವಿಷಯ. ಮೆದುಳು ಸೊರಗಿದಾಗ ಕಣ್ಣು ನೋಡಿದ್ದರ ಅರ್ಥವೂ ತಪ್ಪುತ್ತದೆ. ಬಾಗಿಲಲ್ಲಿ ಹಾಸಿದ ಕಪ್ಪು ಮ್ಯಾಟ್ ಗುಂಡಿಯ ಹಾಗೆ ಕಾಣಬಹುದು, ಫಳಫಳ ಹೊಳೆಯುವ ಟೈಲ್ಸ್ ನೀರು ನಿಂತ ಹಾಗೆ. ಅದಕ್ಕೇ ಕೆಲವರು ಬಾಗಿಲಲ್ಲೇ ನಿಂತುಬಿಡುತ್ತಾರೆ, ನಾವು ಹಟ ಅಂದುಕೊಳ್ಳುತ್ತೇವೆ. ಗೋಡೆಯ ಬಣ್ಣದ್ದೇ ಬಾಗಿಲಾದರೆ ಅದು ಬಾಗಿಲು ಅಂತ ಗೊತ್ತಾಗುವುದಿಲ್ಲ. ಶೌಚಾಲಯದ ಕೀ ಕಚೇರಿಯಲ್ಲಿ ಇದ್ದರಂತೂ ಮುಗಿಯಿತು, ಕೀ ಕೇಳಬೇಕು ಅನ್ನುವುದೇ ಅವರಿಗೆ ತೋಚುವುದಿಲ್ಲ. ಬೀಗ ತೆಗೆದಿಡಿ, ಕಣ್ಣಿನ ಎತ್ತರಕ್ಕೆ ಚಿತ್ರ, ಅಕ್ಷರ, ಬಾಣ ಮೂರೂ ಹಾಕಿ. ಹೊಸದಾಗಿ ಕಟ್ಟುವವರಿಗೆ ಒಂದು ಮಾತು: ಕೈ ಒಡ್ಡಿದರೆ ನೀರು ಬರುವ ನಲ್ಲಿ ಬೇಡ. ತಿರುಗಿಸುವ ನಲ್ಲಿ, ಒಂದು ಬಕೆಟ್, ಒಂದು ಚೊಂಬು. ಎಪ್ಪತ್ತು ವರ್ಷ ಬಳಸಿದ್ದನ್ನು ಕೈ ಮರೆಯುವುದಿಲ್ಲ.

ಏನು ಓದುವುದು, ಯಾರಿಗೆ ಓದುವುದು

ಜಗತ್ತಿನ ಗ್ರಂಥಾಲಯಗಳ ಒಕ್ಕೂಟವಾದ ಇಫ್ಲಾ 2007ರಲ್ಲೇ ಡಿಮೆನ್ಶಿಯಾ ಇರುವವರ ಸೇವೆಗೆ ಮಾರ್ಗಸೂಚಿ ತಂದಿತು. ಚಿತ್ರ ಜಾಸ್ತಿ ಇರುವ ಪುಸ್ತಕ, ಜೋರಾಗಿ ಓದಿ ಹೇಳುವಂಥ ಸಣ್ಣ ಬರಹ, ಸಂಗೀತ, ಹಳೆಯ ನೆನಪು ಎಬ್ಬಿಸುವ ವಸ್ತುಗಳು ಇವೆಲ್ಲ ಅದರಲ್ಲಿವೆ. ಇಂಗ್ಲೆಂಡಿನ ಗ್ರಂಥಾಲಯಗಳಲ್ಲಿ 2015ರಿಂದ 'ರೀಡಿಂಗ್ ವೆಲ್' ಅನ್ನುವ ಯೋಜನೆಯಡಿ ಕಾಯಿಲೆ ಇರುವವರಿಗೂ ನೋಡಿಕೊಳ್ಳುವವರಿಗೂ ಆರಿಸಿದ ಪುಸ್ತಕಗಳ ಪಟ್ಟಿ ಇದೆ. ಅವರ ಪಟ್ಟಿ ನಮಗೆ ಬರುವುದಿಲ್ಲ. ನಮ್ಮದನ್ನು ನಾವೇ ಮಾಡಬೇಕು.

ಮನುಷ್ಯನಿಗೆ ತನ್ನ ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪು ಗಟ್ಟಿ. ಇವತ್ತು 75 ಆದವರಿಗೆ ಅದು 1960ರಿಂದ 1980ರವರೆಗಿನ ಕಾಲ. ಚಿಕ್ಕಮಗಳೂರಿನವರಿಗೆ 1978ರ ಉಪಚುನಾವಣೆ ಅಂದರೆ ಸಾಕು, ಇಂದಿರಾ ಗಾಂಧಿ ಬಂದಿದ್ದು, ಜೀಪು, ಧೂಳು, ಘೋಷಣೆ ಎಲ್ಲ ಹೊರಗೆ ಬರುತ್ತದೆ. ಆ ಊರಿಗೆ ರೈಲು ಬಂದಿದ್ದು 2013ರಲ್ಲಿ. ರೈಲಿನ ಫೋಟೋ ತೋರಿಸಿದರೆ "ಇದು ನಮ್ಮೂರಲ್ಲ" ಅಂದಾರು, ಆಶ್ಚರ್ಯವಿಲ್ಲ. ಕಾಫಿ ಕಣ, ಕಾಫಿ ಹೂ ಬಿಟ್ಟ ತೋಟ, ಹಾಸನದ ಆಲೂಗೆಡ್ಡೆ ಮಂಡಿ, ಹಾಸನಾಂಬೆಯ ಬಾಗಿಲು ತೆಗೆಯುವ ದಿನದ ಸಾಲು, ಇಂಥ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದು ಆಲ್ಬಂ ಮಾಡಬಹುದು. ಒಂದು ಪೆಟ್ಟಿಗೆಯಲ್ಲಿ ಸೇರು, ಪಾವು, ಲಾಟೀನು, ಟ್ರಾನ್ಸಿಸ್ಟರ್, ಇನ್‌ಲ್ಯಾಂಡ್ ಲೆಟರ್. ಇವೆಲ್ಲ ಊರಿನ ಮನೆಗಳ ಅಟ್ಟದಲ್ಲೇ ಸಿಗುತ್ತವೆ. ಆದರೆ ಅದನ್ನು ಹಿಡಿದು "ಇದೇನು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬಾರದು. ಮಕ್ಕಳ ಬಣ್ಣದ ಪುಸ್ತಕ ಕೊಟ್ಟು ಕೂರಿಸುವುದೂ ನನಗೆ ಒಪ್ಪಿಗೆಯಿಲ್ಲ. ಅವರು ಮರೆಯುತ್ತಿರುವ ದೊಡ್ಡವರು, ಮಕ್ಕಳಲ್ಲ.

ನಮ್ಮ ದೊಡ್ಡಪ್ಪನದು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಊರು. ಗೊರೂರಿನ ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಸಂಜೆಯಾದರೆ "ಊರಿಗೆ ಹೋಗ್ತೀನಿ, ಬಸ್ಸು ಎಷ್ಟೊತ್ತಿಗೆ?" ಅಂತ ಎದ್ದು ನಿಲ್ಲುತ್ತಿದ್ದರು. ಊರೇ ಇಲ್ಲ ಅಂತ ಒಂದು ಸಲ ನಾನು ಹೇಳಿಬಿಟ್ಟೆ. ಅವರ ಮುಖ ನೋಡಬಾರದಿತ್ತು. ಅವರಿಗದು ಆ ಕ್ಷಣದ ಸುದ್ದಿ. ಆಮೇಲೆ ಯಾರೋ ಹೇಳಿಕೊಟ್ಟ ಹಾಗೆ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಫೋಟೋ ಮುಂದಿಟ್ಟೆ, ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗುತ್ತದಲ್ಲ, ಅದು. "ಇಲ್ಲಿಂದ ನಡ್ಕೊಂಡು ಹೋದ್ರೆ ನಮ್ಮ ಗದ್ದೆ" ಅಂತ ಶುರು ಮಾಡಿ ಒಂದು ಗಂಟೆ ಮಾತಾಡಿದರು. ಆ ದಿನ ಬಸ್ಸಿನ ಮಾತು ಬರಲಿಲ್ಲ.

ಇಷ್ಟು ಹೊತ್ತೂ ನಾನು ಗಂಡಸರ ಕಥೆಯನ್ನೇ ಹೇಳಿದೆ. ನಮ್ಮ ಗ್ರಂಥಾಲಯವೂ ಹಾಗೇ ಇದೆ. ಕಾಯಿಲೆ ಹೆಂಗಸರಲ್ಲಿ ಜಾಸ್ತಿ, ಪೇಪರ್ ಸ್ಟ್ಯಾಂಡಿನ ಮುಂದೆ ನಿಲ್ಲುವವರೆಲ್ಲ ಗಂಡಸರು. ನಮ್ಮ ಅಜ್ಜಿಯರಲ್ಲಿ ಹಲವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರನ್ನು ಅರಿವು ಕೇಂದ್ರಕ್ಕೆ ಕರೆದರೆ "ನಂಗೇನು ಓದೋಕ್ ಬರ್ತದಾ?" ಅಂತಾರೆ. ಓದೋಕೆ ಬೇಡ, ಹಾಡೋಕೆ ಕರೆಯಿರಿ. ಬೀಸುಕಲ್ಲಿನ ಪದ, ಸೋಬಾನೆ ಪದ ಶುರು ಮಾಡಿಕೊಟ್ಟರೆ, ಮಗಳ ಹೆಸರು ತಪ್ಪುವವರೂ ಮುಂದಿನ ಸಾಲು ತಪ್ಪುವುದಿಲ್ಲ. ಗಾದೆಯೂ ಹಾಗೇ. "ಕೈ ಕೆಸರಾದರೆ" ಅಂತ ನಿಲ್ಲಿಸಿ, "ಬಾಯಿ ಮೊಸರು" ಅಂತ ನಾಲ್ಕು ಕಡೆಯಿಂದ ಬರುತ್ತದೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟರೆ ಗ್ರಂಥಾಲಯಕ್ಕೆ ಒಂದು ಹೊಸ ಸಂಗ್ರಹವೂ ಆಯಿತು. ನಡೆಯಲಾಗದವರ ಮನೆಗೆ ಪೆಟ್ಟಿಗೆಯೇ ಹೋಗಬೇಕು. ಸ್ವಸಹಾಯ ಸಂಘದವರು, ಆಶಾ ಕಾರ್ಯಕರ್ತೆಯರು ಬೀದಿ ಬೀದಿ ತಿರುಗುತ್ತಾರೆ. ಅವರಿಗೂ ಕೈತುಂಬ ಕೆಲಸ, ಅದು ಬೇರೆ ಮಾತು.

ಮೇಲ್ವಿಚಾರಕರ ಕಥೆಯೂ ಅಷ್ಟೇ. ಕನಿಷ್ಠ ವೇತನಕ್ಕೇ ವರ್ಷಗಟ್ಟಲೆ ಹೋರಾಡಿದವರು. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಮಕ್ಕಳ ಕಾರ್ಯಕ್ರಮ, ಫೋಟೋ ಅಪ್‌ಲೋಡ್ ಎಲ್ಲ ಒಬ್ಬರದ್ದೇ. ಇದೊಂದನ್ನೂ ತಲೆಗೆ ಕಟ್ಟಿದರೆ ಅನ್ಯಾಯ. ಒಂದು ದಿನದ ತರಬೇತಿ ಕೊಟ್ಟು, ಆ ಹೊತ್ತಿಗೆ ಇನ್ನೊಬ್ಬರನ್ನು ಜೊತೆಗೆ ಕೊಡಬೇಕು. ಕಲಿಯಬೇಕಾದದ್ದು ತೀರಾ ಜಾಸ್ತಿಯೇನಿಲ್ಲ. ಎದುರಿಗೆ ಬಂದು ಮಾತಾಡಿ, ಹಿಂದಿನಿಂದ ಕರೆಯಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ವಾದಕ್ಕೆ ಇಳಿಯಬೇಡಿ. ಮನೆಯವರ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ದಾರಿ ತಪ್ಪಿ ಬಂದವರಾದರೆ ಕೂರಿಸಿ ನೀರು ಕೊಡಿ, ಆಮೇಲೆ 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಈ ನಂಬರ್‌ಗಳು ಗೋಡೆಯ ಮೇಲೆ ಇದ್ದರೆ ಅಜ್ಜನಿಗಲ್ಲದಿದ್ದರೂ ಅಜ್ಜನನ್ನು ಕರೆತಂದ ಮಗಳಿಗೆ ಬೇಕಾಗುತ್ತವೆ.

ಆ ಮಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1997ರಲ್ಲಿ 'ಅಲ್ಝೈಮರ್ ಕೆಫೆ' ಶುರುವಾಯಿತು. ಕಾಯಿಲೆ ಇರುವವರು, ನೋಡಿಕೊಳ್ಳುವವರು ಒಟ್ಟಿಗೆ ಕೂತು ಕಾಫಿ ಕುಡಿದು ಮಾತಾಡುವ ಜಾಗ ಅದು. ಕಾಫಿ ನಾಡಿನಲ್ಲಿ ಅದಕ್ಕೇನು ಕಷ್ಟ? ತಿಂಗಳಿಗೊಂದು ದಿನ ಸಾಕು. ದೊಡ್ಡಪ್ಪ ಗ್ರಂಥಾಲಯದಲ್ಲಿ ಇರುತ್ತಿದ್ದ ಎರಡು ಗಂಟೆಯಲ್ಲಿ ದೊಡ್ಡಮ್ಮ ತಲೆಗೆ ಸ್ನಾನ ಮಾಡುತ್ತಿದ್ದರು, ಮಾರ್ಕೆಟ್‌ಗೆ ಹೋಗುತ್ತಿದ್ದರು, ಸುಮ್ನೆ ಒಂದಿಷ್ಟು ಹೊತ್ತು ಮಲಗುತ್ತಿದ್ದರು. ಆ ಎರಡು ಗಂಟೆ ನಿಂತುಹೋದ ಮೇಲೆ ಅವರ ಬಿಪಿ ಏರಿತು.

ಕಾಯಿಲೆ ಜೋರಾದ ಮೇಲೆ ಗ್ರಂಥಾಲಯದಿಂದ ಆಗುವುದು ಕಡಿಮೆ. ದೊಡ್ಡಪ್ಪ ಈಗ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಅವರ ಹಳೆಯ ಶಿಷ್ಯನೊಬ್ಬ ಗ್ರಂಥಾಲಯಕ್ಕೆ ಓದೋಕೆ ಹೋಗುತ್ತಾನೆ. ಅಲ್ಲಿ ಕೇಳಿಕೊಂಡು ಶನಿವಾರ ಶನಿವಾರ ಒಂದು ಕಟ್ಟು ಹಳೆಯ ಪೇಪರ್ ತಂದು ಕೊಡುತ್ತಾನೆ. ದೊಡ್ಡಪ್ಪ ಜಗುಲಿಯಲ್ಲಿ ಕೂತು ಒಂದನ್ನು ಬಿಚ್ಚಿ, ಕನ್ನಡಕ ಸರಿ ಮಾಡಿಕೊಂಡು, ಜೋರಾಗಿ ಓದುತ್ತಾರೆ. ಓದುವುದು ಈಗಲೂ ತಪ್ಪಿಲ್ಲ, ಒತ್ತಕ್ಷರ ಒಂದೂ ಜಾರುವುದಿಲ್ಲ. ಹೇಮಾವತಿ ಜಲಾಶಯ ಭರ್ತಿಗೆ ನಾಲ್ಕು ಅಡಿ ಬಾಕಿ ಅಂತ ಮೊನ್ನೆ ಓದಿದರು. ಅದು ಹೋದ ವರ್ಷದ ಪೇಪರ್. ಮೊದಲಾಗಿದ್ದರೆ ದೊಡ್ಡಮ್ಮ "ಅಯ್ಯೋ, ಅದು ಹಳೇದು ಕಣ್ರೀ" ಅನ್ನುತ್ತಿದ್ದರು. ಈಗ ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಕೇಳುತ್ತಾರೆ: "ಹೌದಾ? ಮತ್ತೇನಿದೆ?"